ಕೂಡದ ಮೂಳೆ ಮತ್ತು ಹಾಜರಿ ಪುಸ್ತಕ

ನಮ್ಮ ಸಣ್ಣ ಕಾರ್ಖಾನೆಗಳಲ್ಲಿ ಬೆರಳಿಗೆ ಪೆಟ್ಟಾದರೆ ಅದರ ಪರಿಣಾಮ ಅಂದೇ ತಿಳಿಯುತ್ತದೆ. ಕಾಲು ಮುರಿದರೆ ಹಾಗಲ್ಲ. ಮೂರು ತಿಂಗಳಲ್ಲಿ ಹಿಂದಿರುಗುವನೆಂದು ಎಣಿಸಿದ ನುರಿತ ಲೇತ್ ಕೆಲಸಗಾರ ಆರು ತಿಂಗಳಾದರೂ ಊರುಗೋಲು ಬಿಡದಿದ್ದರೆ, ಆತನ ಹೆಸರು ಹಾಜರಿ ಪುಸ್ತಕದಿಂದ ಸದ್ದಿಲ್ಲದೆ ಮರೆಯಾಗುವುದುಂಟು. ಇದು ಅನ್ಯಾಯವಷ್ಟೇ ಅಲ್ಲ, ವ್ಯವಹಾರದೃಷ್ಟಿಯಿಂದ ಅವಿವೇಕವೂ ಹೌದು.

ಮುರಿದ ಮೂಳೆಗಳಲ್ಲಿ ಹೆಚ್ಚಿನವು ಕೂಡಿಕೊಳ್ಳುತ್ತವೆ, ಕೆಲವು ಕೂಡುವುದಿಲ್ಲ. ಗಾಯವಾಗಿ ಒಂಬತ್ತು ತಿಂಗಳು ಕಳೆದು, ಕೊನೆಯ ಮೂರು ತಿಂಗಳಲ್ಲಿ ಯಾವ ಪ್ರಗತಿಯೂ ಕಾಣದಿದ್ದರೆ ಅದನ್ನು ಕೂಡದ ಮೂಳೆಯೆಂದು ಪರಿಗಣಿಸುವುದು ವಾಡಿಕೆ. ಮೊಣಕಾಲಿನ ಕೆಳಗಿನ ದೊಡ್ಡ ಮೂಳೆಯಲ್ಲಿ, ಅದರಲ್ಲೂ ಪಾದದ ಕೀಲಿಗೆ ಸಮೀಪದ ಭಾಗದಲ್ಲಿ, ರಕ್ತಪೂರೈಕೆ ಕಡಿಮೆಯಾದ್ದರಿಂದ ಅಪಾಯ ಹೆಚ್ಚು. ಸೋಂಕು ಹಾಗೂ ಬೀಡಿ ಸಿಗರೇಟುಗಳು ತೊಡಕನ್ನು ಹೆಚ್ಚಿಸುತ್ತವೆ.

ಇದಕ್ಕೆ ಚಿಕಿತ್ಸೆಯಿದೆ. ಶಸ್ತ್ರವೈದ್ಯರು ಸೋಂಕನ್ನು ಮೊದಲು ನಿವಾರಿಸಿ, ಮುರಿದ ತುದಿಗಳನ್ನು ಸ್ವಚ್ಛಗೊಳಿಸಿ, ಪ್ಲೇಟು ಅಥವಾ ರಾಡಿನಿಂದ ಬಿಗಿದು, ರೋಗಿಯ ಸೊಂಟದ ಮೂಳೆಯ ಅಂಚಿನಿಂದ ತೆಗೆದ ಸ್ಪಂಜಿನಂತಹ ಮೂಳೆಯನ್ನು ಅಲ್ಲಿ ತುಂಬುತ್ತಾರೆ. ಈ ಸ್ವಂತ ಮೂಳೆಯಲ್ಲಿ ಜೀವಕೋಶಗಳು, ಬೆಳವಣಿಗೆಯನ್ನು ಪ್ರಚೋದಿಸುವ ಪ್ರೋಟೀನುಗಳು, ಹೊಸ ಮೂಳೆ ಹಬ್ಬಲು ಬೇಕಾದ ಚಪ್ಪರ ಮೂರೂ ಇವೆ. ಆದರೆ ಸೊಂಟದಿಂದ ತೆಗೆಯಬಹುದಾದ ಪ್ರಮಾಣ ಮಿತವಾದುದು. ಅಂತರ ದೊಡ್ಡದಾದಾಗ ದಾನಿಗಳ ಮೂಳೆಯ ನೆರವು ಬೇಕಾಗುತ್ತದೆ. ಅದನ್ನು ಪರೀಕ್ಷಿಸಿ, ಒಣಗಿಸಿ, ಗಾಮಾ ವಿಕಿರಣದಿಂದ ಶುದ್ಧೀಕರಿಸಿ ಒದಗಿಸುವ ಅಂಗಾಂಶ ನಿಧಿಯೊಂದು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 1988ರಲ್ಲಿ ಆರಂಭವಾಯಿತು. ಇಂತಹ ಮೂಳೆಯಲ್ಲಿ ಜೀವಕೋಶಗಳಿರುವುದಿಲ್ಲ. ಅದು ಬಹುಮಟ್ಟಿಗೆ ಚಪ್ಪರ ಮಾತ್ರ.

ಕಸಿ ಮಾಡಿದ ಮರುವಾರವೇ ಕೆಲಸಗಾರ ಯಂತ್ರದ ಮುಂದೆ ನಿಲ್ಲಲಾರ. ಮತ್ತೆ ಕೆಲವು ತಿಂಗಳು ಬೇಕು. ಕೆಲವರಿಗೆ ಎರಡನೆಯ ಶಸ್ತ್ರಚಿಕಿತ್ಸೆಯೂ ಬೇಕಾದೀತು. ಅಷ್ಟು ದಿನ ಸಂಬಳ ಕೊಡುವವರಾರು ಎಂದು ಸದಸ್ಯರು ಕೇಳುವುದು ಸಹಜ. ಉತ್ತರ ನಾವು ಗೊಣಗುತ್ತಲೇ ವಂತಿಗೆ ಕಟ್ಟುವ ಇ.ಎಸ್.ಐ. ಯೋಜನೆಯಲ್ಲಿಯೇ ಇದೆ. ಕೆಲಸದಲ್ಲಾದ ಗಾಯಕ್ಕೆ ತಾತ್ಕಾಲಿಕ ಅಸಾಮರ್ಥ್ಯ ಮುಗಿಯುವವರೆಗೆ ವೇತನದ ಶೇ. 90ರಷ್ಟು ದೊರೆಯುತ್ತದೆ. ರಜೆಯ ದಿನ ಬೈಕಿನಿಂದ ಬಿದ್ದವನನ್ನೂ ಯೋಜನೆ ಕೈಬಿಟ್ಟಿಲ್ಲ: ವಿಸ್ತೃತ ಅನಾರೋಗ್ಯ ಸೌಲಭ್ಯದ ಪಟ್ಟಿಯಲ್ಲಿ ಕ್ಷಯ, ಕ್ಯಾನ್ಸರುಗಳ ಜೊತೆಗೆ ಕೂಡದ ಮೂಳೆಯೂ ಸೇರಿದೆ, ಅರ್ಹತೆಯಿದ್ದವರಿಗೆ ಶೇ. 80ರಂತೆ ಎರಡು ವರ್ಷಗಳವರೆಗೆ ಸಿಗಬಹುದು. 2019ರ ಜುಲೈಯಲ್ಲಿ ಮಾಲೀಕರ ವಂತಿಗೆಯನ್ನು ಶೇ. 3.25ಕ್ಕೆ ಇಳಿಸಲಾಯಿತು. ಹತ್ತನೆಯ ಆಳನ್ನು ಪುಸ್ತಕದಲ್ಲಿ ತೋರಿಸದೆ ಉಳಿಸುವ ಹಣ ಇಷ್ಟೇ.

ಕಾರ್ಮಿಕನು ಈ ಸೌಲಭ್ಯ ಪಡೆಯುತ್ತಿರುವಾಗ ಆತನನ್ನು ವಜಾ ಮಾಡುವುದನ್ನು 1948ರ ಕಾಯ್ದೆಯೇ ನಿಷೇಧಿಸಿತ್ತು. ಹತ್ತು ವರ್ಷ ಕಲಿತ ಕೈಯನ್ನು ಒಂದು ವರ್ಷದ ವಿಳಂಬಕ್ಕಾಗಿ ಬಿಟ್ಟುಕೊಡಲು ನಮಗೇನು ನುರಿತವರ ಸುಗ್ಗಿಯೇ? ಅಪಘಾತವಾದೊಡನೆ ವರದಿಯನ್ನು ಕಳುಹಿಸಬೇಕು. ಅದು ಹೋಗದಿದ್ದರೆ, ಗಾಯ ಕೆಲಸದಲ್ಲಿಯೇ ಆಯಿತೆಂದು ಸಾಬೀತುಪಡಿಸಲು ಕಛೇರಿಯಿಂದ ಕಛೇರಿಗೆ ಅಲೆಯಬೇಕಾದವನು ಆ ಊರುಗೋಲಿನವನೇ.