ಕಾರವಾರದ ಚಪಲ್ 1971ರಲ್ಲಿ ಇರಲೇ ಇಲ್ಲ

1/5
ಜೋಗ ನೋಡ್ಕೊಂಡು, ಗೇರುಸೊಪ್ಪ ಘಟ್ಟ ಇಳಿದು, ಹೊನ್ನಾವರದ ಮೇಲೆ ಕಾರವಾರಕ್ಕೆ ಹೋದವರ ಗ್ಯಾಲರಿಯಲ್ಲಿ ಈ ಫೋಟೊ ಇದ್ದೇ ಇರುತ್ತೆ. ಟ್ಯಾಗೋರ್ ಬೀಚಿನ ದಡದಲ್ಲಿ ನಿಂತಿರೋ ಯುದ್ಧನೌಕೆ, ಐಎನ್‌ಎಸ್ ಚಪಲ್. ಕ್ಯಾಪ್ಷನ್ ಕೂಡ ಹೆಚ್ಚುಕಮ್ಮಿ ಒಂದೇ: "1971ರಲ್ಲಿ ಕರಾಚಿಯನ್ನ ಸುಟ್ಟ ಹಡಗು". ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರ ಸ್ಟೋರಿಗಳಲ್ಲೇ ಎಷ್ಟು ಸಲ ನೋಡಿದೀನೋ.

ಮಾರಾಯ್ರೆ, ಚಪಲ್ ನಮ್ಮ ನೌಕಾಪಡೆಗೆ ಸೇರಿದ್ದೇ 1976ರಲ್ಲಿ. ಯುದ್ಧ ಮುಗಿದು ಐದು ವರ್ಷ ಆದ್ಮೇಲೆ.

2/5
ಹಾಗಾದ್ರೆ ಕರಾಚಿಗೆ ಹೋಗಿದ್ದು ಯಾರು? ನಿಪಾತ್, ನಿರ್ಘಾತ್, ವೀರ್. ಈ ಮೂರು ಹೆಸರು ನೆನಪಿಟ್ಕೊಳ್ಳಿ. ಸೋವಿಯತ್ ದೇಶದಿಂದ ತಂದ ಪುಟ್ಟ ಕ್ಷಿಪಣಿ ದೋಣಿಗಳು. ದಡ ಕಾಯೋಕೆ ಅಂತ ಮಾಡಿದ್ದು, ತುಂಬಾ ದೂರ ಹೋಗುವಷ್ಟು ಇಂಧನ ಹಿಡಿಯಲ್ಲ. ಅದಕ್ಕೆ ದೊಡ್ಡ ಹಡಗುಗಳು ಇವನ್ನ ಹಗ್ಗ ಕಟ್ಟಿ ಎಳ್ಕೊಂಡು ಹೋಗೋ ಉಪಾಯ ಮಾಡಿದ್ರು. 1971ರ ಡಿಸೆಂಬರ್ 4ರ ರಾತ್ರಿ ಪಾಕಿಸ್ತಾನದ ಖೈಬರ್, ಮುಹಾಫಿಜ್ ಎರಡೂ ಮುಳುಗಿದವು. ಡಿಸೆಂಬರ್ 4 ನೌಕಾಪಡೆ ದಿನ ಆಗಿದ್ದು ಇದಕ್ಕೇ.

ಐದು ದಿನಕ್ಕೆ, ಡಿಸೆಂಬರ್ 9ರ ರಾತ್ರಿ, ಪಾಕಿಸ್ತಾನದ ಹ್ಯಾಂಗೋರ್ ಅನ್ನೋ ಸಬ್‌ಮರೀನ್ ನಮ್ಮ ಖುಕ್ರಿಯನ್ನ ಮುಳುಗಿಸ್ತು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಸೇರಿ 194 ಜನ ಹೋದ್ರು. 1971ರ ಲೆಕ್ಕದಲ್ಲಿ ಇದೂ ಇದೆ. ಇದನ್ನ ರೀಲ್ ಮಾಡೋರು ಕಮ್ಮಿ.

3/5
"ಇರ್ಲಿ ಬಿಡೋ, ದೇಶಭಕ್ತಿ ತಾನೇ, ಇಸವಿ ತಪ್ಪಾದ್ರೆ ಎಂತ ಆಗುತ್ತೆ?" ಅಂತ ಕೇಳೋರಿದಾರೆ. ಎರಡು ಅನ್ಯಾಯ ಆಗುತ್ತೆ. ಒಂದು, ನಿರ್ಘಾತ್ ಮೇಲೆ ಜೀವ ಒತ್ತೆ ಇಟ್ಟವರ ಕೆಲಸವನ್ನ ಇನ್ನೊಂದು ಹಡಗಿನ ಖಾತೆಗೆ ಬರೀತೀವಿ. ಎರಡನೇದು ನನಗೆ ಇನ್ನೂ ದೊಡ್ಡದು. ಚಪಲ್ 1976ರಿಂದ 2005ರವರೆಗೆ, 29 ವರ್ಷ ಸೇವೆ ಮಾಡ್ತು. ಆ ಅಷ್ಟೂ ವರ್ಷ ಅದರ ಮೇಲೆ ಡ್ಯೂಟಿ ಮಾಡಿದವರಿಗೆ "ನಿಮ್ಮ ನಿಜವಾದ ಸೇವೆ ಸಾಲಲ್ಲ, ಒಂದು ಯುದ್ಧ ಸೇರಿಸ್ತೀವಿ ತಾಳಿ" ಅಂದಂಗೆ ಆಯ್ತಲ್ವಾ?

4/5
ಚಪಲ್ ಓಸಾ ಜಾತಿಯ ದೋಣಿ. ಓಸಾ ಅಂದ್ರೆ ರಷ್ಯನ್ ಭಾಷೆಯಲ್ಲಿ ಕಣಜ. ಪೋಲಿಷ್ ಭಾಷೆಯಲ್ಲೂ ಕಣಜವೇ. ಪೋಲೆಂಡ್ ಹತ್ರಾನೂ ಈ ಜಾತಿಯ ದೋಣಿಗಳಿದ್ದವು. ಆ ದೇಶದ ಸಬ್‌ಮರೀನ್‌ಗಳ ಕಥೆ ಇಲ್ಲಿ ಹೇಳಲೇಬೇಕು.

ಎರಡನೇ ಮಹಾಯುದ್ಧದಲ್ಲಿ ಅವರ ಹೀರೊ ಓಜೆಲ್, ಅಂದ್ರೆ ಹದ್ದು. 1939ರಲ್ಲಿ ಎಸ್ಟೋನಿಯಾದವರು ಹಿಡಿದಿಟ್ಟು ನಕ್ಷೆಗಳನ್ನೆಲ್ಲ ಕಿತ್ಕೊಂಡರೂ ತಪ್ಪಿಸ್ಕೊಂಡು ಬ್ರಿಟನ್ ಸೇರ್ತು. 1940ರ ಮೇ ತಿಂಗಳಲ್ಲಿ ಗಸ್ತಿಗೆ ಹೋಗಿದ್ದು ವಾಪಸ್ ಬರಲೇ ಇಲ್ಲ. ಅದರ ಮೇಲೆ ಸಿನಿಮಾನೇ ಬಂತು. ಆದರೆ ಸೆಂಪ್, ರಿಶ್, ಜ್ಬಿಕ್ ಅನ್ನೋ ಇನ್ನೂ ಮೂರು ಇದ್ದವು. 1939ರ ಸೆಪ್ಟೆಂಬರ್‌ನಲ್ಲೇ ಸ್ವೀಡನ್‌ಗೆ ಹೋದವು. ಸ್ವೀಡನ್ ಯಾರ ಪಕ್ಷಕ್ಕೂ ಸೇರದ ದೇಶ, ಹಾಗಾಗಿ ಯುದ್ಧ ಮುಗಿಯೋವರೆಗೂ ಅವನ್ನ ಹೊರಗೆ ಬಿಡಲಿಲ್ಲ. 1945ರಲ್ಲಿ ಅವು ಊರಿಗೆ ಮರಳಿದಾಗ ಪೋಲೆಂಡ್ ತನ್ನ ಸಬ್‌ಮರೀನ್ ಪಡೆಯನ್ನ ಮತ್ತೆ ಶುರು ಮಾಡಿದ್ದು ಈ ಸುಮ್ಮನೆ ನಿಂತಿದ್ದ ಮೂರರಿಂದಲೇ.

ನಮ್ಮದೇ ಉದಾಹರಣೆ ಬೇಕಾ? ವಿಶಾಖಪಟ್ಟಣದ ಬೀಚಲ್ಲಿ ಮ್ಯೂಸಿಯಂ ಆಗಿರೋ ಕುರ್ಸುರ. 1971ರ ನವೆಂಬರ್‌ನಲ್ಲಿ ಅರಬ್ಬಿ ಸಮುದ್ರದಲ್ಲಿ ಗಸ್ತು ತಿರುಗಿತು. ಒಂದು ಹಡಗನ್ನೂ ಮುಳುಗಿಸಲಿಲ್ಲ. ಅದನ್ನ ನೋಡೋಕೂ ಜನ ಟಿಕೆಟ್ ತಗೊಂಡು ಹೋಗ್ತಾರೆ.

5/5
ಬಿಕಾಂ ಓದೋರಿಗೆ ಒಂದು ಮಾತು. ಅಂಗಡಿಗೆ ಬೆಂಕಿ ವಿಮೆ ಮಾಡಿಸ್ತೀವಿ. ವರ್ಷಪೂರ್ತಿ ಬೆಂಕಿ ಬೀಳಲಿಲ್ಲ. ಕಟ್ಟಿದ ಪ್ರೀಮಿಯಂ ಖರ್ಚು ಅಂತ ಬರೀತೀವಿ, ದಂಡ ಆಯ್ತು ಅಂತ ಯಾರೂ ಅಳಲ್ಲ. ಕೆಲಸಕ್ಕೆ ಬರದೇ ಹೋದ ಕ್ಷಿಪಣಿ ಹೊತ್ತು 29 ವರ್ಷ ಕಡಲಲ್ಲಿ ಓಡಾಡಿದ್ದೂ ಅಂಥದ್ದೇ ಲೆಕ್ಕ. ಯುದ್ಧ ಆಗಲಿಲ್ಲ ಅಂದ್ರೆ ಅದು ಹಡಗಿನ ತಪ್ಪಾ?

ನಮ್ಮ ಮೂರೂ ತಾಲ್ಲೂಕಲ್ಲಿ ಸೇನೆಯಿಂದ ರಿಟೈರ್ ಆಗಿ ಬಂದು ತೋಟ ನೋಡ್ಕೊಂಡಿರೋರು ಇದಾರೆ. ಅವರನ್ನ ಕಂಡ ಕೂಡಲೇ ನಾವು ಕೇಳೋದು, "ಯುದ್ಧ ಮಾಡಿದೀರಾ?" ಇಲ್ಲ ಅಂದ್ರೆ ಮುಖ ಸಪ್ಪೆ ಮಾಡ್ಕೊಳ್ತೀವಿ. ಮುಂದಿನ ಸಲ "ಎಲ್ಲೆಲ್ಲಿ ಇದ್ರಿ? ದಿನ ಹೆಂಗಿರ್ತಿತ್ತು?" ಅಂತ ಕೇಳಿ ನೋಡಿ.

ಈ ರಜೆಗೆ ಕಾರವಾರಕ್ಕೆ ಹೋದ್ರೆ ಚಪಲ್ ಮುಂದೆ ಫೋಟೊ ಧಾರಾಳವಾಗಿ ತೆಗೀರಿ. ಕೆಳಗೆ ಇಷ್ಟು ಬರೀರಿ: ಚಪಲ್, 1976–2005. ಅಷ್ಟು ಸಾಕು, ಕಮ್ಮಿ ಏನಲ್ಲ.

ಹಳೇ ಕ್ಯಾಪ್ಷನ್ ಹಾಕಿರೋ ಫ್ರೆಂಡ್‌ಗೆ ಶೇರ್ ಮಾಡಿ. ಜಗಳ ಆಡ್ಬೇಡಿ, ಇಸವಿ ಹೇಳಿ ಸಾಕು.