ತಾಳ ತಪ್ಪಿದರೂ ಹಾಡಲಿ ಮಗು

ಲಯದ ನಿಯಮಗಳಾಗಲಿ ಛಂದಸ್ಸಿನ ಗಣಗಳಾಗಲಿ ತಮಗೆ ತಿಳಿಯವೆಂದೂ ಒಲುಮೆಯೇ ತಮ್ಮ ಹಾಡಿಗೆ ಆಧಾರವೆಂದೂ ಬಸವಣ್ಣನವರು ಒಂದು ವಚನದಲ್ಲಿ ನಿವೇದಿಸಿಕೊಂಡಿದ್ದಾರೆ. ಇಲ್ಲಿ ಶಾಸ್ತ್ರದ ನಿಂದೆಯಿಲ್ಲ. ಹಾಡಿಗೆ ಮೊದಲು ಬೇಕಾದುದು ಯಾವುದೆಂಬುದರ ಅರಿವಿದೆ. ಎಳೆಯರಿಗೆ ಸಂಗೀತವನ್ನು ಕಲಿಸಹೊರಟ ಹಿರಿಯರು ಈ ಕ್ರಮವನ್ನೇ ತಲೆಕೆಳಗು ಮಾಡುತ್ತಿರುವುದು ವಿಷಾದದ ಸಂಗತಿ.

ಐದು ವರ್ಷದ ಕೂಸನ್ನು ವಚನಗಾಯನ ಸ್ಪರ್ಧೆಗೆ ನಿಲ್ಲಿಸಲಾಗುತ್ತದೆ. ಶ್ರುತಿ ಸೇರದಿದ್ದರೆ 'ನಿನಗೆ ಕಂಠವಿಲ್ಲ, ಸುಮ್ಮನೆ ತುಟಿ ಆಡಿಸು' ಎಂದು ಹಿಂದಿನ ಸಾಲಿಗೆ ಕಳುಹಿಸಲಾಗುತ್ತದೆ. ಆಡಿದವರು ಆ ಮಾತನ್ನು ಸಂಜೆಗೇ ಮರೆಯುತ್ತಾರೆ. ಕೇಳಿದ ಮಗು ಮರೆಯುವುದಿಲ್ಲ. ಸಾಮೂಹಿಕ ಪ್ರಾರ್ಥನೆಯಲ್ಲಿ ಬಾಯಿ ತೆರೆಯದೆ ಕುಳಿತಿರುವ ಹಿರಿಯರಲ್ಲಿ ಎಷ್ಟು ಮಂದಿ ಬಾಲ್ಯದಲ್ಲಿ ಇಂಥ ಮಾತನ್ನು ಕೇಳಿದವರೋ!

ಮಗುವಿನ ಮೊದಲ ವಾದ್ಯ ಅದರ ದೇಹವೇ. ಜೋಗುಳದ ತೂಗಿನಲ್ಲಿ, ಚಪ್ಪಾಳೆಯ ಆಟದಲ್ಲಿ, ಕುಣಿತದಲ್ಲಿ ಲಯವು ಅದರ ಮೈಗೆ ಇಳಿಯುತ್ತದೆ. ತಮ್ಮ ಕಾಯವನ್ನೇ ತಂತಿವಾದ್ಯವಾಗಿಸಿ ನುಡಿಸೆಂದು ಕೂಡಲಸಂಗಮದೇವನನ್ನು ಬೇಡಿದ ಬಸವಣ್ಣನವರ ಅನುಭಾವ ಬೇರೆಯೇ ಎತ್ತರದ್ದು. ಆದರೂ ದೇಹ ಮತ್ತು ನಾದ ಬೇರೆಯಲ್ಲವೆಂಬ ತಿಳಿವು ಅಲ್ಲಿಯೂ ಇದೆ.

ಇದೇ ಸತ್ಯವನ್ನು ದೂರದ ಯುರೋಪಿನ ಶಿಕ್ಷಕರು ತಮ್ಮದೇ ದಾರಿಯಲ್ಲಿ ಕಂಡುಕೊಂಡರು. ಜಿನೀವಾದ ಸಂಗೀತ ವಿದ್ಯಾಲಯದಲ್ಲಿ ಬೋಧಿಸುತ್ತಿದ್ದ ಎಮಿಲ್ ಜಾಕ್-ಡಾಲ್ಕ್ರೋಜ್ (1865–1950) ಅವರ ವಿದ್ಯಾರ್ಥಿಗಳು ಸ್ವರಗಳನ್ನು ಬರೆಯಬಲ್ಲವರಾಗಿದ್ದರು. ಬರೆದುದನ್ನು ಮನಸ್ಸಿನಲ್ಲಿ ಕೇಳಲಾರದವರಾಗಿದ್ದರು. ಆದುದರಿಂದ ಅವರು ನಡಿಗೆ ಮತ್ತು ಅಂಗಚಲನೆಗಳ ಮೂಲಕ ಲಯವನ್ನು ಕಲಿಸತೊಡಗಿದರು. 1924ರಲ್ಲಿ ಮ್ಯೂನಿಕ್‌ನಲ್ಲಿ ಡೊರೊಥೀ ಗುಂಥರ್ ಅವರೊಡನೆ ಶಾಲೆಯನ್ನು ತೆರೆದ ಕಾರ್ಲ್ ಓರ್ಫ್ ಅವರು ಹಾಡು, ಕುಣಿತ, ತಾಳವಾದ್ಯಗಳನ್ನು ಒಂದುಗೂಡಿಸಿದರು. ಹಂಗೇರಿಯ ಜೋಲ್ತಾನ್ ಕೊಡಾಯ್ ಅವರಂತೂ ಮಾತೃಭಾಷೆಯ ಜನಪದ ಗೀತೆಯೇ ಮಗುವಿನ ಮೊದಲ ಸಂಗೀತವಾಗಬೇಕೆಂದು ಸಾರಿದರು.

ಕನ್ನಡ ನಾಡಿಗೆ ಈ ಸಾಮಗ್ರಿಯನ್ನು ಹೊರಗಿನಿಂದ ತರಬೇಕಾಗಿಲ್ಲ. ಕೋಲಾಟ, ದಮ್ಮಡಿ, ಭಜನೆಯ ತಾಳ, ನಂದಿಕೋಲು, ಡೊಳ್ಳು ಎಲ್ಲವೂ ಇಲ್ಲಿವೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳು ಮತ್ತು ಪುಟ್ಟರಾಜ ಗವಾಯಿಗಳು ದೃಷ್ಟಿಯಿಲ್ಲದ ಮಕ್ಕಳನ್ನು ಗಾಯಕರನ್ನಾಗಿ, ವಾದಕರನ್ನಾಗಿ ರೂಪಿಸಿದರು. ಸ್ವತಃ ದೃಷ್ಟಿವಂಚಿತರಾಗಿದ್ದ ಆ ಗುರುಗಳ ಕಾಯಕವು ಕಿವಿ, ಕಂಠ, ಕೈಗಳ ಸಾಮರ್ಥ್ಯಕ್ಕೆ ಬೇರೆ ಸಾಕ್ಷಿ ಬೇಡವೆನಿಸುತ್ತದೆ.

ಎಳವೆಯಲ್ಲಿ ತಪ್ಪು ರೂಢಿಯಾದರೆ ತಿದ್ದುವುದು ಕಷ್ಟವೆಂದು ಕೆಲವು ಸಂಗೀತ ಶಿಕ್ಷಕರು ಆಕ್ಷೇಪಿಸುವುದುಂಟು. ಈ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಮೌನವು ತಿದ್ದುಪಡಿಯಲ್ಲ. ಗುರುವು ಶುದ್ಧವಾಗಿ ಹಾಡಿ ತೋರಲಿ, ಮಗು ಮತ್ತೆ ಮತ್ತೆ ಕೇಳಲಿ. ಶ್ರುತಿ ಕ್ರಮೇಣ ಕೂಡಿಬರುತ್ತದೆ. ಅನೇಕ ವೇಳೆ ತಪ್ಪು ಮಗುವಿನದೂ ಅಲ್ಲ: ಹಿರಿಯರು ತಮ್ಮ ತಗ್ಗಿದ ಕಂಠಕ್ಕೆ ಹೊಂದುವ ಶ್ರುತಿಯನ್ನು ಹಿಡಿದಿರುತ್ತಾರೆ, ಎಳೆಯ ಕಂಠ ಅಲ್ಲಿಗೆ ಇಳಿಯಲಾರದು.

ಆದುದರಿಂದ ಮನೆಗಳಲ್ಲಿಯೂ ಮಠಗಳ ಬೇಸಿಗೆ ಶಿಬಿರಗಳಲ್ಲಿಯೂ ಎಳೆಯರಿಗೆ ಸ್ಪರ್ಧೆ ಬೇಡ. ಶ್ರುತಿಯನ್ನು ಮಕ್ಕಳಿಗೆ ಒಪ್ಪುವಂತೆ ಏರಿಸಲಿ. ಒಂದು ಚಿಕ್ಕ ಸಾಲನ್ನು ಹಾಡಿಸಿ, ಅದರ ನಡೆಗೆ ಹೆಜ್ಜೆ ಹಾಕಿಸಿ, ಚಪ್ಪಾಳೆ ತಟ್ಟಿಸಿ, ಆಮೇಲೆ ತಾಳವನ್ನೋ ದಮ್ಮಡಿಯನ್ನೋ ಕೈಗಿಡಲಿ. ಗಂಡುಮಕ್ಕಳಿಗೆ ಚರ್ಮವಾದ್ಯ, ಹೆಣ್ಣುಮಕ್ಕಳಿಗೆ ಹಾಡು ಎಂಬ ಭೇದವೂ ಅಳಿಯಲಿ. ರಾಗ, ತಾಳ, ಸ್ವರಲಿಪಿಗಳು ತಮ್ಮ ಕಾಲಕ್ಕೆ ಬರಲಿ.

ಹಾಡಲು ಅಂಜದ ಮಗುವಿಗೆ ಶಾಸ್ತ್ರವನ್ನು ಮುಂದೆಯೂ ಕಲಿಸಬಹುದು. ಅಂಜಿ ಮುಚ್ಚಿದ ಬಾಯಿಗೆ ಯಾವ ಶಾಸ್ತ್ರವೂ ನಾದವನ್ನು ಕೊಡಲಾರದು.