ಹೊಲದ ಕ್ಯಾಮೆರಾಕ್ಕೆ ತಕ್ಕ ಸೆನ್ಸರ್

ಕೀಟವು ಹೆಚ್ಚುವುದಕ್ಕೆ ಮುಂಚೆಯೇ ಅದನ್ನು ಗುರುತಿಸಿದರೆ ನಿವಾರಣೆಯು ಸುಲಭವಾಗುವುದು. 2018ನೆಯ ಇಸವಿಯಲ್ಲಿ ಕರ್ನಾಟಕದ ಮುಸುಕಿನ ಜೋಳದ ಹೊಲಗಳಲ್ಲಿ ಫಾಲ್ ಸೈನಿಕ ಹುಳುವು ಕಾಣಿಸಿಕೊಂಡ ಮೇಲೆ, ಮೋಹಕ ಬಲೆಗೆ ಬಿದ್ದ ಪತಂಗಗಳನ್ನು ಎಣಿಸುವುದರ ಅವಶ್ಯಕತೆಯು ಇಲ್ಲಿಯ ರೈತರಿಗೂ ಮನದಟ್ಟಾಗಿರುವುದು. ಬಲೆಯೊಳಗೆ ಸಣ್ಣ ಕ್ಯಾಮೆರಾವನ್ನಿಟ್ಟರೆ ಮನೆಯಿಂದಲೇ ಈ ಎಣಿಕೆಯನ್ನು ನಡೆಸಬಹುದು. ಆದರೆ ಹೊಲದ ನಡುವೆ ಸೌರಫಲಕವೂ ಚಿಕ್ಕ ಬ್ಯಾಟರಿಯೂ ಮಾತ್ರವೇ ಅದಕ್ಕೆ ಆಧಾರ. ಮುಂಗಾರಿನ ಮೋಡದಲ್ಲಿ ಆ ಆಧಾರವೂ ಸೊರಗುವುದು.

ಪಿಕ್ಸೆಲ್‌ಗಳು ಹೆಚ್ಚಿದಷ್ಟೂ ಸೆನ್ಸರ್ ಉತ್ತಮವೆಂಬ ಭಾವನೆಯು ಹೊಲದ ಮಟ್ಟಿಗೆ ಒಪ್ಪತಕ್ಕದ್ದಲ್ಲ. ಉದ್ದ ಅಗಲಗಳೆರಡರಲ್ಲಿಯೂ ಸ್ಫುಟತೆಯನ್ನು ಇಮ್ಮಡಿಸಿದರೆ ಪಿಕ್ಸೆಲ್‌ಗಳು ನಾಲ್ಮಡಿಯಾಗುವುವು. ಅವುಗಳನ್ನು ಓದಿ, ಅಂಕಿಗಳಾಗಿ ಮಾರ್ಪಡಿಸಿ, ಹೊರಕ್ಕೆ ಸಾಗಿಸುವ ಕೆಲಸವೂ ನಾಲ್ಮಡಿಯಾಗುವುದು. ವಿದ್ಯುತ್ತಿನ ಬಹುಭಾಗವು ವೆಚ್ಚವಾಗುವುದು ಈ ಕೆಲಸದಲ್ಲಿಯೇ ಹೊರತು ಬೆಳಕನ್ನು ಹಿಡಿಯುವುದರಲ್ಲಲ್ಲ. ಇದಲ್ಲದೆ, ಅದೇ ಅಳತೆಯ ಚಿಪ್ಪಿನಲ್ಲಿ ಪಿಕ್ಸೆಲ್‌ಗಳನ್ನು ಕಿಕ್ಕಿರಿಸಿದರೆ ಒಂದೊಂದಕ್ಕೂ ದೊರೆಯುವ ಬೆಳಕು ಕುಗ್ಗಿ, ಮಬ್ಬಿನಲ್ಲಿ ತೆಗೆದ ಚಿತ್ರವು ಕೆಡುವುದು.

ಈ ವಿದ್ಯೆಯ ಚರಿತ್ರೆಯೂ ಮಿತವ್ಯಯದ ಪಾಠವನ್ನೇ ಹೇಳುವುದು. 1969ರಲ್ಲಿ ಅಮೆರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಬಾಯ್ಲ್ ಮತ್ತು ಸ್ಮಿತ್ ಎಂಬವರು ಸಿಸಿಡಿಯನ್ನು ಕಂಡುಹಿಡಿದರು. ಅದರಲ್ಲಿ ವಿದ್ಯುದಂಶವು, ನೀರಿನ ಕೊಡಗಳನ್ನು ಕೈಯಿಂದ ಕೈಗೆ ದಾಟಿಸುವಂತೆ, ಪಿಕ್ಸೆಲ್‌ನಿಂದ ಪಿಕ್ಸೆಲ್‌ಗೆ ಸಾಗಬೇಕು. ಅದಕ್ಕೆ ಶಕ್ತಿಯೂ ಹೆಚ್ಚು ಬೇಕು. 1990ರ ದಶಕದಲ್ಲಿ ನಾಸಾ ಸಂಸ್ಥೆಯ ಜೆಟ್ ಪ್ರೊಪಲ್ಷನ್ ಪ್ರಯೋಗಶಾಲೆಯ ಎರಿಕ್ ಫೊಸಮ್ ಮತ್ತು ಸಂಗಡಿಗರು ಸಿಮಾಸ್ ಸೆನ್ಸರನ್ನು ರೂಢಿಗೆ ತಂದರು. ಪ್ರತಿ ಪಿಕ್ಸೆಲ್‌ಗೂ ಅದರದೇ ವರ್ಧಕವಿದ್ದು, ಅಂಕಿಗಳಾಗಿ ಮಾರ್ಪಡಿಸುವ ಸಾಧನವೂ ಅದೇ ಚಿಪ್ಪಿನಲ್ಲಿ ಸೇರಿದುದರಿಂದ ವೆಚ್ಚವು ಬಹಳ ಇಳಿಯಿತು. ಕಂಬಸಾಲಿಗೊಂದರಂತೆ ಈ ಸಾಧನವನ್ನಿಟ್ಟಾಗ ಪ್ರತಿಯೊಂದೂ ನಿಧಾನವಾಗಿ ದುಡಿದರೂ ಸಾಕಾಗುವುದು.

ಪತಂಗದ ರೆಕ್ಕೆಯ ಗುರುತನ್ನು ಕಾಣಲು ಸ್ಫುಟತೆ ಬೇಕೇಬೇಕೆಂಬ ಆಕ್ಷೇಪಣೆಯು ನ್ಯಾಯವಾದುದೇ. ಆದರೆ ಅದು ಸದಾಕಾಲವೂ ಬೇಕಾಗಿಲ್ಲ. ಸೆನ್ಸರು ಬಹುಕಾಲ ನಿದ್ರಿಸುತ್ತಿದ್ದು, ಆಗಾಗ್ಗೆ ನಾಲ್ಕು ನಾಲ್ಕು ಪಿಕ್ಸೆಲ್‌ಗಳನ್ನು ಒಂದುಗೂಡಿಸಿ ಬಲೆಯನ್ನು ನೋಡಲಿ. ಹೊಸ ಪತಂಗವು ಕಂಡಾಗ ಮಾತ್ರ, ಅದು ಕುಳಿತಿರುವ ಭಾಗವನ್ನಷ್ಟೇ ಪೂರ್ಣ ಸ್ಫುಟತೆಯಿಂದ ಓದಲಿ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ನಾಣ್ಣುಡಿಯನ್ನು ವಿನ್ಯಾಸಕಾರರು ಮರೆಯತಕ್ಕದ್ದಲ್ಲ.

ಆದುದರಿಂದ ಇಂತಹ ಬಲೆಗಳನ್ನು ಕೊಳ್ಳುವ ರೈತರೂ ಸಹಕಾರ ಸಂಘಗಳೂ ಪಿಕ್ಸೆಲ್‌ಗಳ ಸಂಖ್ಯೆಯೊಂದನ್ನೇ ನೋಡಿ ಮರುಳಾಗಬಾರದು. ಒಂದು ಚಿತ್ರಕ್ಕೆ ಎಷ್ಟು ವಿದ್ಯುತ್ತು ತಗಲುವುದು, ಬಿಸಿಲಿಲ್ಲದೆ ಎಷ್ಟು ದಿನ ನಡೆಯುವುದು ಎಂಬುದನ್ನು ಮೊದಲು ವಿಚಾರಿಸತಕ್ಕದ್ದು. ಹುಳು ಬಂದ ದಿನ ಕಣ್ಣುಮುಚ್ಚಿದ ಕ್ಯಾಮೆರಾವು ಎಷ್ಟು ಸ್ಫುಟವಾದುದಾದರೂ ನಿಷ್ಪ್ರಯೋಜಕವೇ ಸರಿ.